ಎಡ್ವಿನ್ ಡ್ರೂಡ್ ಕೇಸು: ರೋಚೆಸ್ಟರ್‌ನಲ್ಲಿ ನಮ್ಮ ಪತ್ತೇದಾರಿ

ಅಲ್ಲಿ ಮಾತಾಡಿದ್ದೆಲ್ಲ ಗಾಳಿಗೆ ಹೋಯ್ತು, ಅದಕ್ಕೆ ಮನೆಗೆ ಬಂದು ಈಗ ಈ ವಿಡಿಯೊಗೆ ಧ್ವನಿ ಸೇರಿಸುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಅದು ನಮ್ಮನೆಯದು.

ಇದು ಇಂಗ್ಲೆಂಡಿನ ಕೆಂಟ್‌ನಲ್ಲಿರುವ ರೋಚೆಸ್ಟರ್. ಚಾರ್ಲ್ಸ್ ಡಿಕನ್ಸ್ ತನ್ನ ಕೊನೆಯ ಕಾದಂಬರಿ "ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್"ನಲ್ಲಿ ಈ ಊರಿಗೆ ಕ್ಲಾಯ್ಸ್ಟರ್‌ಹ್ಯಾಮ್ ಅಂತ ಹೆಸರಿಟ್ಟ. 12 ಕಂತು ಬರಬೇಕಿತ್ತು. ಆರು ಬರೆದು 1870ರ ಜೂನ್ 9ರಂದು ತೀರಿಕೊಂಡ. ಕೊಲೆಗಾರ ಯಾರು ಅಂತ ಹೇಳೋದಿರಲಿ, ಕೊಲೆ ಆಗಿದೆಯಾ ಅಂತಲೂ ಹೇಳಲಿಲ್ಲ. ಎಡ್ವಿನ್ ಡ್ರೂಡ್ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಾಣೆಯಾಗುತ್ತಾನೆ, ಹೆಣ ಸಿಗುವುದಿಲ್ಲ. ನೂರೈವತ್ತು ವರ್ಷದಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ, ಇವತ್ತು ನಮ್ಮ ಸರದಿ.

ಈ ಕಮಾನಿನ ಮೇಲಿನ ಮನೆ ನೋಡಿ. ಜಾಸ್ಪರ್ ಇದ್ದಿದ್ದು ಇಲ್ಲೇ. ಕೆಥೀಡ್ರಲ್‌ನಲ್ಲಿ ಹಾಡು ಕಲಿಸುವವನು, ಕದ್ದು ಅಫೀಮು ಸೇದುವವನು, ಎಡ್ವಿನ್‌ಗೆ ಸೋದರಮಾವ. ಎಡ್ವಿನ್ ಮದುವೆಯಾಗಬೇಕಿದ್ದ ರೋಸಾ ಮೇಲೆ ಅವನಿಗೂ ಕಣ್ಣು. ಇನ್ನೇನು ಬೇಕು? ಆ ಮದುವೆ ಮಾತು ಮೊದಲೇ ಮುರಿದುಹೋಗಿತ್ತು ಅಂತ ಗೊತ್ತಾದಾಗ ಈ ಜಾಸ್ಪರ್ ಮೂರ್ಛೆ ಹೋಗುತ್ತಾನೆ. ಸುಮ್ನೆ ಕೊಂದೆನಲ್ಲಾ ಅಂತ! ನನ್ನ ಪ್ರಕಾರ ಕೇಸು ಇಲ್ಲೇ ಮುಗಿಯಿತು.

ಸರಿ, ಈಗ ನಾನೊಂದು ತಪ್ಪೊಪ್ಪಿಗೆ ಕೊಡಬೇಕು. ಕಳೆದ ವಿಡಿಯೊದಲ್ಲಿ "ಡಿಕನ್ಸ್ ಬರೆದ ಕೊನೆಯ ಸಾಲು ಇದೇ" ಅಂತ ಓದಿ ಕಣ್ಣೀರು ಹಾಕಿದ್ದೆ, ನೆನಪಿದೆಯಾ? ವಾಕ್ಯ ಅರ್ಧಕ್ಕೇ ನಿಂತಿತ್ತು, ಪೆನ್ನು ಅಲ್ಲೇ ಬಿದ್ದಿರಬೇಕು ಅಂದುಕೊಂಡೆ. ಇವತ್ತು ಬೆಳಿಗ್ಗೆ ರೈಲಿನಲ್ಲಿ ಇವರು ಅದೇ ಪುಸ್ತಕವನ್ನು ಫೋನಿನಲ್ಲಿ ಓದುತ್ತಾ, "ನಿನ್ನದರಲ್ಲಿ ಡ್ಯಾಚರಿ ತಿಂಡಿ ತಿನ್ನೋದು ಇಲ್ವಾ?" ಅಂದರು. ಡ್ಯಾಚರಿ ಅಂದರೆ ಎಡ್ವಿನ್ ಕಾಣೆಯಾದ ಮೇಲೆ ಊರಿಗೆ ಬರುವ ಅಪರಿಚಿತ. ಆದರೆ ಯಾವ ತಿಂಡಿ? ನೋಡಿದರೆ ನನ್ನ ಪುಸ್ತಕದಲ್ಲಿ ಕೊನೆಯ 14 ಪುಟ ಹರಿದುಹೋಗಿದೆ! ನಾನು ಅತ್ತಿದ್ದು ಡಿಕನ್ಸ್ ಸತ್ತಿದ್ದಕ್ಕಲ್ಲ, ಹೊಲಿಗೆ ಬಿಚ್ಚಿದ್ದಕ್ಕೆ. ಹಳೇ ಪುಸ್ತಕದಂಗಡಿಯಲ್ಲಿ 4 ಪೌಂಡ್ ಕೊಟ್ಟಿದ್ದೆ. ಫೋನ್ ಮಾಡಿ ಕೇಳಿದರೆ ಅಂಗಡಿಯವರು ಒಂಚೂರೂ ನಗದೆ, "ಅದು ಮುಗಿಯದ ಕಾದಂಬರಿ, ಮೇಡಂ" ಅಂದರು. ಬೇರೆ ಯಾವ ಪುಸ್ತಕವಾಗಿದ್ದರೂ ತೊಗೊಂಡ ದಿನವೇ ಗೊತ್ತಾಗುತ್ತಿತ್ತು, ಅಲ್ವಾ? ನಾಲ್ಕು ಪೌಂಡ್ ದೊಡ್ಡದಲ್ಲ ಬಿಡಿ, ಆದರೆ ಆ ಕಣ್ಣೀರು ಇನ್ನೂ ಇಂಟರ್ನೆಟ್‌ನಲ್ಲಿ ಇದೆ.

ಹಾಂ, ಇದು ಈಸ್ಟ್‌ಗೇಟ್ ಹೌಸ್, ಕಾದಂಬರಿಯಲ್ಲಿ ರೋಸಾ ಓದುವ ಶಾಲೆ. ಹಿಂದಿನ ತೋಟದಲ್ಲಿರುವ ಮರದ ಮನೆಗೆ ಸ್ವಿಸ್ ಶ್ಯಾಲೆ ಅಂತಾರೆ, ಆದರೆ ಅದು ಶಾಲೆ ಅಲ್ಲ. ಗೆಳೆಯನೊಬ್ಬ ಡಿಕನ್ಸ್‌ಗೆ ಇದನ್ನು 58 ಪೆಟ್ಟಿಗೆಗಳಲ್ಲಿ ಕಳಿಸಿದ್ದನಂತೆ, ಬಂದ ಮೇಲೆ ಜೋಡಿಸಿದ್ದು. ನಾವು ಒಂದು ಶೂ ರ‍್ಯಾಕ್ ಜೋಡಿಸೋಕೆ ಎರಡು ಭಾನುವಾರ ಜಗಳ ಆಡಿದ್ದೇವೆ. ಆಗ ಇದು ಪಕ್ಕದ ಹೈಯಮ್‌ನಲ್ಲಿ, ಡಿಕನ್ಸ್ ಮನೆ ಹತ್ತಿರ ಇತ್ತು. ಜೂನ್ 8ರಂದು ಇದರಲ್ಲೇ ಕೂತು ಡ್ರೂಡ್ ಬರೆದ, ಸಂಜೆ ಊಟದ ಹೊತ್ತಿಗೆ ಕುಸಿದು ಬಿದ್ದ.

ಇವರ ಕತ್ತಿಗೆ ನಾನು ಮಫ್ಲರ್ ಸುತ್ತುತ್ತಿರುವುದನ್ನು ನೋಡಿ ಗಾಬರಿಯಾಗಬೇಡಿ. ಕಾದಂಬರಿಗೆ ಚಿತ್ರ ಬಿಡಿಸುತ್ತಿದ್ದ ಲ್ಯೂಕ್ ಫೈಲ್ಡ್ಸ್‌ಗೆ ಡಿಕನ್ಸ್ ಒಂದು ಗುಟ್ಟು ಹೇಳಿದ್ದ: ಜಾಸ್ಪರ್ ಕತ್ತಿನ ಬಟ್ಟೆ ಎರಡು ಸುತ್ತು ಬರುವಷ್ಟು ಉದ್ದ ಇರಬೇಕು, ಎಡ್ವಿನ್‌ನ ಕತ್ತು ಹಿಸುಕೋದು ಅದರಲ್ಲೇ. ನಮ್ಮ ಮಫ್ಲರ್ ಒಂದೂವರೆ ಸುತ್ತಿಗೇ ಮುಗಿಯಿತು. ಇವರು ಬಚಾವ್.

1930ರಲ್ಲಿ ಹೊವರ್ಡ್ ಡಫೀಲ್ಡ್ ಅನ್ನುವವರು ಇದೇ ಬಟ್ಟೆ ಹಿಡಿದು, ಜಾಸ್ಪರ್ ನಮ್ಮ ದೇಶದ ಥಗ್, ಅಂದರೆ ದಾರಿಹೋಕರ ಕತ್ತಿಗೆ ಬಟ್ಟೆ ಬಿಗಿದು ಕೊಂದು ದೋಚುವವನು, ಕಾಳಿಯ ಭಕ್ತ ಅಂದುಬಿಟ್ಟರು. ನಾನು ಸುರಪುರದವಳು. ನಮ್ಮೂರಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್, 1839ರಲ್ಲಿ ಥಗ್ಗನ ಕಥೆ ಬರೆದು ಇಂಗ್ಲೆಂಡಿನವರಿಗೆಲ್ಲ ಆ ಹುಚ್ಚು ಹತ್ತಿಸಿದ ಆಸಾಮಿ. ಅಂದರೆ ಈ ವಾದಕ್ಕೆ ಸ್ವಲ್ಪ ನಮ್ಮೂರ ಸಾಹೇಬರೂ ಹೊಣೆ. ಸುಳ್ಳು ವಾದ, ಆದರೆ ಕೇಳೋಕೆ ಮಜಾ ಇದೆ.

1873ರಲ್ಲಿ ಅಮೆರಿಕದಲ್ಲಿ ಒಬ್ಬ, ಡಿಕನ್ಸ್‌ನ ಆತ್ಮವೇ ಬಂದು ಉಳಿದದ್ದನ್ನು ಬರೆಸಿತು ಅಂತ ಪುಸ್ತಕ ಹಾಕಿದ. 1914ರ ಜನವರಿಯಲ್ಲಿ ಲಂಡನ್‌ನಲ್ಲಿ ಜಾಸ್ಪರ್ ಮೇಲೆ ಅಣಕು ವಿಚಾರಣೆ ನಡೆಯಿತು. ಲೇಖಕ ಚೆಸ್ಟರ್‌ಟನ್ ಜಡ್ಜ್, ನಾಟಕಕಾರ ಬರ್ನಾರ್ಡ್ ಶಾ ಜ್ಯೂರಿಗಳ ಮುಖ್ಯಸ್ಥ. ಕೊನೆಗೆ ಜಡ್ಜ್ ತನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ನ್ಯಾಯಾಂಗ ನಿಂದನೆ ಅಂತ ದಂಡ ಹಾಕಿದ.

ಇವರದ್ದೊಂದು ತಕರಾರು. ಡಿಕನ್ಸ್ ಯೋಚಿಸಿಟ್ಟಿದ್ದ ಹೆಸರುಗಳಲ್ಲಿ "ಅಡಗಿರುವ ಎಡ್ವಿನ್ ಡ್ರೂಡ್" ಅನ್ನೋದೂ ಇತ್ತು, ಹಾಗಾದರೆ ಹುಡುಗ ಬದುಕಿದ್ದಾನೆ ಅಂತ. ಕೆಥೀಡ್ರಲ್ ಬಾಗಿಲಲ್ಲಿ ಇದನ್ನೇ ವಾದ ಮಾಡ್ತಾ ನಿಂತಿದ್ದೇವೆ, ನೋಡಿ. ಮೊದಲು ನಾನು ಒಪ್ಪಲಿಲ್ಲ. ಈಗ ಮತ್ತೆ ಯೋಚಿಸಿದರೆ, ಆ ಡ್ಯಾಚರಿ ಬಿಳಿ ಕೂದಲು, ಕರಿ ಹುಬ್ಬು ಇಟ್ಟುಕೊಂಡು ವೇಷ ಹಾಕಿ ಬಂದವನ ಹಾಗೇ ಇದ್ದಾನೆ, ಅವನೇ ಎಡ್ವಿನ್ ಯಾಕಾಗಬಾರದು... ಅಯ್ಯೋ, ಕುಕ್ಕರ್ ಮೂರನೇ ಸಲ ಕೂಗಿತು, ಬೇಳೆ ಕರಗಿಹೋಗುತ್ತೆ, ಇರಿ