ಹುಡುಗಿ ದಡ್ಡಿ ಅಲ್ರಿ, ಪ್ರಶ್ನೆ ತಿಳಿದಿಲ್ಲ

ನಮಸ್ಕಾರ್ರಿ, ಹುಬ್ಬಳ್ಳಿಯಿಂದ ನಿಮ್ಮವನೇ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಬಿಹಾರ, ಯುಪಿ ಮಕ್ಕಳು ಬಂದು ನಮ್ಮ ಶಾಲೆಗಳ ರಿಸಲ್ಟ್ ಕೆಡಿಸ್ತಿವೆ.' ಓದಿದ್ದೇ ತಡ, ಗಿರ್ಮಿಟ್ ಗಂಟಲಲ್ಲೇ ನಿಂತಿತು. ಜೊತೆಗೆ ಮಿರ್ಚಿ ಬೇರೆ ಕಚ್ಚಿದ್ದೆ.

ಗೋಕುಲ ರೋಡಿನಲ್ಲಿ ನಾನು ದಿನಾ ನಿಲ್ಲುವ ಪಾನಿಪುರಿ ಗಾಡಿ ಇದೆ. ಗಾಡಿಯವರ ಮನೆಮಾತು ಹಿಂದಿ. ಅವರ ಮಗಳು ಮೂರನೇ ಕ್ಲಾಸು. ಇನ್ನೂರರ ನೋಟು ಕೊಟ್ಟರೆ, ನಾನು ಲೆಕ್ಕ ಹಾಕೋದರೊಳಗೆ ಚಿಲ್ಲರೆ ಕೈಗಿಡುತ್ತಾಳೆ. ಅದೇ ಹುಡುಗಿಯ ಗಣಿತದ ಹಾಳೆ ಖಾಲಿ! 'ಅಂಗಡಿಯಲ್ಲಿ 48 ಬಾಳೆಹಣ್ಣು ಇದ್ದವು. 19 ಮಾರಿದರು. ಉಳಿದವು ಎಷ್ಟು?' 'ಉಳಿದವು' ಅಂದರೇನು ಅಂತಲೇ ಅವಳಿಗೆ ಗೊತ್ತಿಲ್ಲ. ಅದನ್ನೇ ಹಿಂದಿಯಲ್ಲಿ 'ಕಿತ್ನಾ ಬಚಾ?' ಅಂದೆ. 'ಉನ್ತೀಸ್' ಅಂದಳು, ಥಟ್ಟನೆ. ಇಪ್ಪತ್ತೊಂಬತ್ತು, ಸರಿಯುತ್ತರ!

ದಡ್ಡಿನಾ ಇವಳು?

ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್‌ದೂ ಇದೇ ಕತೆ. ಅಲ್ಲಿ ಓದು-ಬರಹ ಕಲಿಸೋದು ಜರ್ಮನ್‌ನಲ್ಲಿ. ಮನೆಯಲ್ಲಿ ಪೋರ್ಚುಗೀಸ್ ಆಡುವ ಮಕ್ಕಳು ಅಲ್ಲೇ ಎಡವಿದರು. ಪೋರ್ಚುಗೀಸ್‌ಗೆ ಹತ್ತಿರದ ಫ್ರೆಂಚ್‌ನಲ್ಲಿ ಅಕ್ಷರ ಕಲಿಸಿ ನೋಡೋಣ ಅಂತ 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಪ್ರಯೋಗ ಶುರು ಮಾಡಿದರು. ಕೆನಡಾದಲ್ಲಂತೂ ವಲಸೆ ಬಂದವರ ಮಕ್ಕಳು ಪೀಸಾ ಅನ್ನೋ, ಹದಿನೈದು ವರ್ಷದವರಿಗೆ ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಉಳಿದವರಿಗೆ ಹೆಚ್ಚುಕಡಿಮೆ ಸರಿಸಮ. 'ಅವರು ಓದಿದವರನ್ನೇ ಆರಿಸಿ ಕರೆಸಿಕೊಳ್ತಾರೆ' ಅಂತೀರಾ? ಗೊತ್ತು, ಪಂಡಿತರೇ. ಕೂತ್ಕೊಳ್ಳಿ.

ಅಷ್ಟು ದೂರ ಯಾಕೆ, ನಮ್ಮ ಧಾರವಾಡ ನೋಡಿ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆ ಮಾಡಿಸಿದರು. 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಇದೇ ಸಂಕಟದಲ್ಲಿ. ಮರಾಠಿ ಪುಸ್ತಕದ ಮುಂದೆ ಪಿಳಿಪಿಳಿ ಕಣ್ಣು ಬಿಟ್ಟ ನಿಮ್ಮ ಮುತ್ತಜ್ಜ ದಡ್ಡರಿದ್ದರಾ? ಹೇಳ್ರಿ!

'ಹಾಗಾದ್ರೆ ಕನ್ನಡ ಬೇಡ್ವಾ?' ಬಂತು ನೋಡಿ. ಯಾರ್ರೀ ಬೇಡ ಅಂದ್ರು? 2015ರ ಕಾಯ್ದೆಯಲ್ಲಿ ಎಲ್ಲ ಶಾಲೆಗೂ ಕನ್ನಡ ಕಡ್ಡಾಯ. ಇರಲೇಬೇಕು. ಕಲಿಸಿ ಅಂತಲೇ ನಾನೂ ಬಾಯಿ ಬಡಿದುಕೊಳ್ತಿರೋದು! ಮೊದಲ ಆರು ತಿಂಗಳು ಆ ಮಕ್ಕಳ ಮಾತು ಬಲ್ಲವರು ಒಬ್ಬರು ಪಕ್ಕ ಕೂತು ಕನ್ನಡ ಹೇಳಿಕೊಡಲಿ. ಕಲಿಸದೆ ಪರೀಕ್ಷೆ ಇಟ್ಟು, ಆಮೇಲೆ ದಡ್ಡ ಅನ್ನೋದಾ? 'ದುಡ್ಡೆಲ್ಲಿದೆ?' ಅಯ್ಯೋ, ಸುಮ್ನಿರಿ. ರಸ್ತೆ ಅಗೆಯೋಕೆ ಇದೆ, ಅದನ್ನೇ ಮುಚ್ಚೋಕೆ ಇದೆ, ಮತ್ತೆ ಅಗೆಯೋಕೂ ಇದೆ.

ದಡ್ಡಿ ಅಲ್ರಿ ಅವಳು. ಅಲ್ಲ ಅಂದ್ರೆ ಅಲ್ಲ.

ಬೈಯೋರು ಬೈಯಿರಿ, ಮೊದಲು ಸಬ್‌ಸ್ಕ್ರೈಬ್ ಒತ್ತಿ. ಪೇಡೆ ಅಂಗಡಿಯವರು ಯಾರಾದರೂ ನೋಡ್ತಿದ್ದರೆ, ಜಾಹೀರಾತಿಗೆ ಜಾಗ ಖಾಲಿ ಇದೆ, ಅರ್ಧ ಕೆಜಿಗೂ ಒಪ್ಪುತ್ತೇನೆ. ಕಾಮೆಂಟ್ ಹಾಕಿದ ಸಾಹೇಬರೇ, ಸಂಜೆ ಗಾಡಿ ಹತ್ತಿರ ಬನ್ನಿ. ಒಂದು ಪ್ಲೇಟ್ ನನ್ನ ಲೆಕ್ಕ. ಖಾರ ಜಾಸ್ತಿ ಹಾಕಿಸ್ತೀನಿ.