ಆ ಎರಡು ಬೆರಳು ಯಾಕೆ ಮಡಚಬೇಕು? ಸ್ಪೈಡರ್‌ಮ್ಯಾನ್ ಪುಸ್ತಕದಿಂದ ಪರದೆಗೆ ಬಂದ ಕಥೆ

[ದೃಶ್ಯ: ನಿರೂಪಕರ ಕೈ ಮಾತ್ರ ಕಾಣುತ್ತಿದೆ]

ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಬಲಗೈ ಮುಂದೆ ಚಾಚಿ. ಅಂಗೈ ಮೇಲಕ್ಕೆ ಇರಲಿ. ಈಗ ನಡುಬೆರಳು, ಉಂಗುರ ಬೆರಳು ಎರಡನ್ನೂ ಮಡಚಿ. ಉಳಿದ ಮೂರು ನೆಟ್ಟಗೆ. ಸ್ಪೈಡರ್‌ಮ್ಯಾನ್ ಬಲೆ ಹಾರಿಸುವಾಗ ಬರುವ ಸದ್ದಿನ ಹಾಗೆ ಬಾಯಲ್ಲಿ ‘ಥ್ವಿಪ್’ ಅನ್ನಿ.

ಮನೆಯಲ್ಲಿ ಐದು ವರ್ಷದ ಮಗ ಇದ್ದರೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೋಫಾದಿಂದ ಹಾರುವಾಗ ಅವನೇ ಮಾಡುತ್ತಾನೆ.

ಆದರೆ ಆ ಎರಡೇ ಬೆರಳು ಯಾಕೆ? ಮುಷ್ಟಿ ಕಟ್ಟಿದರೆ ಸಾಕಾಗುತ್ತಿರಲಿಲ್ವಾ?

[ದೃಶ್ಯ: ಹಳೇ ಕಾಮಿಕ್ ಪುಸ್ತಕದ ಪುಟಗಳು]

1962. ನ್ಯೂಯಾರ್ಕ್. ‘ಅಮೇಜಿಂಗ್ ಫ್ಯಾಂಟಸಿ’ ಅನ್ನೋ ಪತ್ರಿಕೆ ಮುಚ್ಚುವ ಹಂತದಲ್ಲಿತ್ತು. ಅದರ 15ನೇ ಸಂಚಿಕೆ, ಬೆಲೆ 12 ಸೆಂಟ್. ಅದರಲ್ಲಿ ಸ್ಟಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರ ಬಿಡಿಸಿದ 11 ಪುಟದ ಒಂದು ಕಥೆ ಬಂತು, ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ. ಪ್ರಕಾಶಕರಿಗೆ ಅದು ಹಿಡಿಸಿರಲಿಲ್ಲವಂತೆ. ಜೇಡ ಕಂಡರೆ ಜನ ಮುಖ ಸಿಂಡರಿಸುತ್ತಾರೆ, ಅದನ್ನು ಯಾರು ಕೊಳ್ಳುತ್ತಾರೆ ಅಂದಿದ್ದರು ಎಂದು ಸ್ಟಾನ್ ಲೀ ಮುಂದೆ ಹೇಳಿಕೊಂಡಿದ್ದಾರೆ. ಹೇಗೂ ಮುಚ್ಚುವ ಪತ್ರಿಕೆ, ಹಾಕಿದರೆ ನಷ್ಟ ಏನು?

ಈ ಕಥೆಯಲ್ಲಿ ಜೇಡ ಕಚ್ಚಿದ ಮೇಲೆ ಪೀಟರ್ ಪಾರ್ಕರ್ ಅನ್ನೋ ಶಾಲೆ ಹುಡುಗನಿಗೆ ಬಲ ಬರುತ್ತದೆ, ಗೋಡೆ ಹತ್ತುವುದು ಬರುತ್ತದೆ. ಬಲೆ ಮಾತ್ರ ಬರುವುದಿಲ್ಲ! ಅದನ್ನು ಅವನೇ ಕೂತು ತಯಾರು ಮಾಡುತ್ತಾನೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಯಂತ್ರ, ಅದರೊಳಗೆ ಅವನೇ ಕಲಸಿದ ಅಂಟು. ಅಂಗೈ ಮೇಲೆ ಒಂದು ಗುಂಡಿ. ನಡುವಿನ ಎರಡು ಬೆರಳು ಮಡಚಿದರೆ ಸರಿಯಾಗಿ ಅದರ ಮೇಲೇ ಹೋಗಿ ಕೂರುತ್ತವೆ. ಒತ್ತಿದರೆ ನೂಲು ಹಾರುತ್ತದೆ. ಆ ಬೆರಳು ಸ್ಟೈಲ್‌ಗೆ ಮಡಚಿದ್ದಲ್ಲ, ಗುಂಡಿ ಒತ್ತೋಕೆ.

ಯಂತ್ರ ಅಂದ ಮೇಲೆ ತೊಂದರೆಯೂ ಜೊತೆಗೇ ಬರುತ್ತದೆ. ಬೇಕಾದ ಹೊತ್ತಿಗೇ ಅಂಟು ಖಾಲಿ. ಸೊಂಟದ ಪಟ್ಟಿಯಿಂದ ಹೊಸ ಡಬ್ಬಿ ತೆಗೆದು ಹಾಕಬೇಕು, ಎದುರಿಗೆ ವೈರಿ ನಿಂತಿದ್ದಾನೆ. ಒಮ್ಮೆಯಂತೂ ಕಾಸಿಲ್ಲದೆ ಆ ಅಂಟನ್ನೇ ಮಾರೋಕೆ ಹೋಗುತ್ತಾನೆ. ಒಂದು ಗಂಟೆಯಲ್ಲಿ ಕರಗಿಹೋಗುವ ಅಂಟು ನಮಗೆ ಯಾಕಪ್ಪಾ ಎಂದು ಕಂಪನಿಯವರು ವಾಪಸ್ ಕಳಿಸುತ್ತಾರೆ. ಇನ್ನೊಂದು ಕಡೆ, ಸ್ಪೈಡರ್‌ಮ್ಯಾನ್ ಹೆಸರಿಗೆ ಚೆಕ್ ಸಿಗುತ್ತದೆ. ಬ್ಯಾಂಕಿನವರು ಗುರುತಿನ ಚೀಟಿ ತೋರಿಸು ಅನ್ನುತ್ತಾರೆ. ಮುಖವಾಡ ಹಾಕಿಕೊಂಡು ಕೌಂಟರ್ ಮುಂದೆ ನಿಂತವನು ಏನು ತೋರಿಸಬೇಕು, ಹೇಳಿ?

[ದೃಶ್ಯ: ಸಿನಿಮಾ ಪೋಸ್ಟರ್]

ಇದನ್ನು ಸಿನಿಮಾ ಮಾಡೋ ಆಸೆ ಹಳೆಯದು. 1985ರಲ್ಲೇ ಒಂದು ಕಂಪನಿ ಹಕ್ಕು ಕೊಂಡಿತ್ತು. ಆಮೇಲೆ ಕೊಂಡವರು ಮುಳುಗಿದರು, ಕೋರ್ಟ್ ಕೇಸ್ ಆಯಿತು, 1996ರಲ್ಲಿ ಸ್ಪೈಡರ್‌ಮ್ಯಾನ್ ಪುಸ್ತಕ ತರುವ ಮಾರ್ವೆಲ್ ಕಂಪನಿ ಕೂಡ ದಿವಾಳಿ ಎದ್ದಿತು. ಆ ಗೋಜಲು ಬೇಡ. ಕೊನೆಗೆ ಸೋನಿ ಕೈಗೆ ಬಂದು, ಸ್ಯಾಮ್ ರೈಮಿ ನಿರ್ದೇಶನದಲ್ಲಿ 2002ರ ಮೇ 3ಕ್ಕೆ ತೆರೆಗೆ ಬಂತು.

ಸಿನಿಮಾದಲ್ಲಿ ಯಂತ್ರ ಇಲ್ಲ. ನೂಲು ಸೀದಾ ಮಣಿಕಟ್ಟಿನಿಂದಲೇ ಬರುತ್ತದೆ. ಮೊದಲು ಇದನ್ನು ಯೋಚಿಸಿದ್ದು ನಿರ್ದೇಶಕ ಜೇಮ್ಸ್ ಕ್ಯಾಮರಾನ್, ತಾನು ಈ ಸಿನಿಮಾ ಮಾಡಬೇಕು ಎಂದಿದ್ದ ಕಾಲದಲ್ಲಿ. ಲೆಕ್ಕ ಸರಳ. ದೊಡ್ಡ ದೊಡ್ಡ ಕಂಪನಿಗೇ ಆಗದ ಅಂಟನ್ನು ಕಾಸಿಲ್ಲದ ಶಾಲೆ ಹುಡುಗ ರೂಮಿನಲ್ಲಿ ಕೂತು ಮಾಡಿದ ಅಂದರೆ ಯಾರು ನಂಬುತ್ತಾರೆ? ಹಳೇ ಓದುಗರು ಇಂಟರ್‌ನೆಟ್‌ನಲ್ಲಿ ದೊಡ್ಡ ಜಗಳವನ್ನೇ ತೆಗೆದರು.

ನನ್ನ ಕೇಳಿದರೆ, ಜಗಳದಲ್ಲಿ ನ್ಯಾಯ ಇತ್ತು. ಅಂಟು ಖಾಲಿಯಾಗುವ ಭಯ ಹೋಯಿತು, ಕಾಸಿಗಾಗಿ ಒದ್ದಾಡುತ್ತಲೇ ಕಲಸಿ ಕಟ್ಟುವ ಜಾಣ ಹುಡುಗನೂ ಸ್ವಲ್ಪ ಹೋದ. ಆದರೆ ಬದಲಿಗೆ ಸಿಕ್ಕಿದ್ದೂ ಕಡಿಮೆಯೇನಲ್ಲ. ಮೈ ಬದಲಾಗುತ್ತಿರುವ ಹದಿಹರೆಯದವನ ಮುಜುಗರ ಸಿಕ್ಕಿತು. ಕ್ಯಾಂಟೀನ್ ದೃಶ್ಯ ನೆನಪಿದೆಯಾ? ಜಾರಿದ ಹುಡುಗಿ ಮೇರಿ ಜೇನ್‌ಳನ್ನು ಪೀಟರ್ ಒಂದು ಕೈಯಲ್ಲಿ, ಅವಳ ಟ್ರೇಯನ್ನು ಇನ್ನೊಂದರಲ್ಲಿ ಹಿಡಿಯುತ್ತಾನೆ. ತಿಂಡಿ ಒಂದೊಂದಾಗಿ ಬಂದು ಟ್ರೇ ಮೇಲೆ ಬೀಳುತ್ತದೆ. ಅದು ಗ್ರಾಫಿಕ್ಸ್ ಅಲ್ಲ. ಟ್ರೇಯನ್ನು ಪೀಟರ್ ಪಾತ್ರ ಮಾಡಿದ ಟೋಬಿ ಮಗ್ವೈರ್ ಕೈಗೆ ಅಂಟು ಹಚ್ಚಿ ಕೂರಿಸಿ, ಟೇಕ್ ಮೇಲೆ ಟೇಕ್ ತೆಗೆದಿದ್ದು. ಯಂತ್ರ ಬೇಡ ಅಂದವರಿಗೂ ಅಂಟು ಬೇಕೇ ಆಯಿತು ನೋಡಿ!

ಆಮೇಲೆ ಪೀಟರ್ ಮಾಳಿಗೆ ಮೇಲೆ ನಿಂತು ಒಂದೊಂದೇ ಬೆರಳು ಮಡಚಿ ನೋಡುತ್ತಾನೆ. ಏನೇನೋ ಕೂಗುತ್ತಾನೆ. ಕೊನೆಗೆ ಅದೇ ಎರಡು ಬೆರಳು ಮಡಚಿದಾಗ ನೂಲು ಹಾರುತ್ತದೆ. ಒತ್ತೋಕೆ ಗುಂಡಿಯೇ ಇಲ್ಲ, ಆದರೂ ಬೆರಳು ಮಾತ್ರ ಡಿಟ್ಕೊ ಬಿಡಿಸಿದ ಹಾಗೇ.

[ದೃಶ್ಯ: ಕುಸ್ತಿ ಅಖಾಡದ ಚಿತ್ರ]

ಬೆರಳಿನಷ್ಟು ಕಣ್ಣಿಗೆ ಬೀಳದ ಬದಲಾವಣೆ ಇನ್ನೊಂದಿದೆ. ಕಳ್ಳನದು.

ಪುಸ್ತಕದಲ್ಲಿ ಪೀಟರ್ ಟಿವಿ ಕಾರ್ಯಕ್ರಮ ಮುಗಿಸಿ ನಿಂತಿದ್ದಾನೆ. ಕಳ್ಳ ಎದುರಿಗೇ ಓಡುತ್ತಾನೆ, ಪೊಲೀಸ್ ಹಿಡೀ ಅನ್ನುತ್ತಾನೆ. ಇವನು ಹಿಡಿಯುವುದಿಲ್ಲ. ಕಾರಣ? ಬರೀ ಕೊಬ್ಬು. ಹೆಸರು ಬಂದಿದೆ, ಇನ್ನು ನನ್ನದು ನಾನು ನೋಡಿಕೊಂಡರೆ ಸಾಕು ಅನ್ನೋ ಕೊಬ್ಬು. ಕೆಲವು ದಿನಕ್ಕೆ ಅದೇ ಕಳ್ಳ ಅವನ ಚಿಕ್ಕಪ್ಪ ಬೆನ್‌ನನ್ನು ಕೊಲ್ಲುತ್ತಾನೆ.

ಸಿನಿಮಾದಲ್ಲಿ ಮೂರು ನಿಮಿಷದ ಕುಸ್ತಿಗೆ 3000 ಡಾಲರ್ ಎಂದು ಬೋರ್ಡ್. ಎರಡೇ ನಿಮಿಷದಲ್ಲಿ ಗೆದ್ದೆಯಲ್ಲ ಎಂದು ಮಾಲೀಕ 100 ಡಾಲರ್ ಕೈಗಿಟ್ಟು ಕಳಿಸುತ್ತಾನೆ. ಅಷ್ಟರಲ್ಲಿ ಕಳ್ಳ ಬಂದು ದೋಚುವುದು ಆ ಮಾಲೀಕನನ್ನೇ! ಪೀಟರ್ ಪಕ್ಕಕ್ಕೆ ಸರಿದು ಕಳ್ಳನಿಗೆ ದಾರಿ ಬಿಡುತ್ತಾನೆ. ಮಾಲೀಕ ಆಡಿದ್ದ ಮಾತನ್ನೇ ಅವನಿಗೆ ತಿರುಗಿಸುತ್ತಾನೆ. ಥಿಯೇಟರ್‌ನಲ್ಲಿ ನಾವೂ ‘ಸರಿಯಾಗಿ ಮಾಡಿದ’ ಅಂದುಕೊಂಡೆವು, ಅಲ್ವಾ? ಅಲ್ಲೇ ರೈಮಿ ನಮ್ಮನ್ನು ಸಿಕ್ಕಿಸಿದ್ದು. ಪುಸ್ತಕ ಓದುವಾಗ ತಪ್ಪು ಪೀಟರ್‌ನದು. ಸಿನಿಮಾ ನೋಡುವಾಗ ಆ ತಪ್ಪಿನಲ್ಲಿ ನಮಗೂ ಪಾಲಿದೆ. ಇಡೀ ಸಿನಿಮಾದಲ್ಲಿ ಮೂಲಕ್ಕಿಂತ ಒಂದು ಕೈ ಮೇಲೆ ಅನ್ನಿಸುವ ಜಾಗ ಇದೇ.

ಸೇತುವೆ ವಿಷಯದಲ್ಲಿ ಹಾಗೆ ಹೇಳೋಕಾಗಲ್ಲ. 1973ರ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಅನ್ನೋ ವೈರಿ ಪೀಟರ್‌ನ ಗೆಳತಿ ಗ್ವೆನ್‌ಳನ್ನು ಸೇತುವೆಯಿಂದ ತಳ್ಳುತ್ತಾನೆ. ಇವನು ನೂಲು ಹಾರಿಸಿ ಕಾಲು ಹಿಡಿಯುತ್ತಾನೆ. ಚಿತ್ರದಲ್ಲಿ ಅವಳ ಕತ್ತಿನ ಹತ್ತಿರ ತೀರಾ ಸಣ್ಣ ಅಕ್ಷರದಲ್ಲಿ ‘ಸ್ನ್ಯಾಪ್’ ಎಂದಿದೆ, ಮುರಿದ ಸದ್ದು. ಉಳಿಸೋಕೆ ಎಸೆದ ನೂಲೇ ಕೊಂದಿತು. ಬೇಸಿಗೆ ರಜೆಗೆ ಮಕ್ಕಳು ನೋಡುವ ಸಿನಿಮಾದಲ್ಲಿ ಇದನ್ನು ತೋರಿಸುತ್ತಾರಾ? ಸೇತುವೆ ಬಂತು, ಗಾಬ್ಲಿನ್ ಬಂದ, ಗ್ವೆನ್ ಬದಲು ಮೇರಿ ಜೇನ್ ಬಂದಳು. ಈ ಸಲ ಅವನು ಮೇಲಿಂದ ನೂಲು ಎಸೆಯುವುದಿಲ್ಲ, ತಾನೇ ಧುಮುಕಿ ಕೈಯಲ್ಲಿ ಹಿಡಿಯುತ್ತಾನೆ. ಅವಳು ಬದುಕುತ್ತಾಳೆ.

ಬಲೆಯ ಇನ್ನೊಂದು ದೃಶ್ಯ ಜನರಿಂದ ಮರೆಯಾಗಿಹೋಯಿತು. ಮೊದಲ ಟೀಸರ್‌ನಲ್ಲಿ ಬ್ಯಾಂಕ್ ದೋಚಿದವರ ಹೆಲಿಕಾಪ್ಟರ್ ವರ್ಲ್ಡ್ ಟ್ರೇಡ್ ಸೆಂಟರ್‌ನ ಎರಡು ಗೋಪುರಗಳ ನಡುವೆ ಕಟ್ಟಿದ ಬಲೆಗೆ ಸಿಕ್ಕಿಬೀಳುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಅದನ್ನು ವಾಪಸ್ ತೆಗೆದುಕೊಂಡರು. ಸೇತುವೆ ಮೇಲಿನ ಜನ ಗಾಬ್ಲಿನ್‌ಗೆ ಕೈಗೆ ಸಿಕ್ಕಿದ್ದನ್ನು ಎಸೆಯುವ ದೃಶ್ಯ ಸೇರಿದ್ದು ಆಮೇಲೆ.

ಮೊದಲ ಮೂರೇ ದಿನಕ್ಕೆ ಅಮೆರಿಕದಲ್ಲಿ 11.48 ಕೋಟಿ ಡಾಲರ್. ವಾರಾಂತ್ಯದಲ್ಲಿ 10 ಕೋಟಿ ದಾಟಿದ ಮೊದಲ ಸಿನಿಮಾ ಇದು. ನಮ್ಮಲ್ಲಿ ಹಿಂದಿ, ತಮಿಳು, ತೆಲುಗಿಗೂ ಬಂತು. ಕನ್ನಡಕ್ಕೆ ಆಗ ಡಬ್ಬಿಂಗ್ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಕಡೆಯ ಮಕ್ಕಳು ಮಾತು ಬಿಟ್ಟು ಬೆರಳು ಕಲಿತರು.

[ದೃಶ್ಯ: ಮತ್ತೆ ಕೈ]

2012ರ ಸಿನಿಮಾದಲ್ಲಿ ಹೊಸ ಪೀಟರ್ ಬಂದ, ಯಂತ್ರ ವಾಪಸ್ ಬಂತು. ಆಮೇಲೆ ಮೂರನೆಯವನೂ ಬಂದ. 2021ರಲ್ಲಿ ಮೂರು ಪೀಟರ್‌ಗಳೂ ಒಂದೇ ಸಿನಿಮಾದಲ್ಲಿ ಸೇರಿದರು. ಅಲ್ಲಿ ಇನ್ನೇನು ಹೊಡೆದಾಟ ಶುರುವಾಗಬೇಕು, ಯಂತ್ರದ ಇಬ್ಬರೂ ಹಳೇ ಪೀಟರ್‌ನ ಮಣಿಕಟ್ಟನ್ನೇ ದಿಟ್ಟಿಸುತ್ತಾ ಕೇಳುತ್ತಾರೆ: ನಿಂಗೆ ಇದು ಮೈಯಿಂದಲೇ ಬರುತ್ತಾ? ಬೇರೆ ಎಲ್ಲಿಂದಾದರೂ ಬರುತ್ತಾ?