ಯಾವ ಸೂಜಿ, ಯಾವ ಬೇರು, ಯಾವ ನೋವಿಗೆ?

ಎಲ್ಲರಿಗೂ ನಮಸ್ಕಾರ.

ಚೀನೀ ವೈದ್ಯದ ಮಾತು ಬಂದಕೂಡಲೆ ಜನ ಕೇಳುವುದು ಒಂದೇ: ಇದು ಒಳ್ಳೆಯದೋ ಕೆಟ್ಟದ್ದೋ? ದಿನಸಿ ಅಂಗಡಿ ರುಚಿಯಾಗಿದೆಯೇ ಎಂದು ಯಾರಾದರೂ ಕೇಳುತ್ತೇವೆಯೇ? ಅಲ್ಲಿ ಬೆಲ್ಲವೂ ಇರುತ್ತದೆ, ಇಲಿ ಪಾಷಾಣವೂ ಇರುತ್ತದೆ. ಸೂಜಿ, ಶಾಖ, ಬಟ್ಟಲು, ಕಷಾಯ, ಅಂಗಮರ್ದನ ಎಲ್ಲವನ್ನೂ ಒಂದೇ ಹೆಸರಿನಡಿ ಕಟ್ಟಿಟ್ಟಿದ್ದಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಯಾವುದು, ಯಾವುದಕ್ಕೆ? ಇವತ್ತು ಇದನ್ನೇ ನಾನು ನಾಲ್ಕಾರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲ ಭೇಟಿಯಿಂದ ಶುರು ಮಾಡೋಣ. ನೋಡುವುದು, ಕೇಳಿಸಿಕೊಂಡು ಮೂಸುವುದು, ಪ್ರಶ್ನಿಸುವುದು, ಮುಟ್ಟುವುದು, ಹೀಗೆ ನಾಲ್ಕು ಬಗೆಯ ಪರೀಕ್ಷೆ. ನಿದ್ದೆ, ಬೆವರು, ಬಾಯಾರಿಕೆ, ಮಲಮೂತ್ರ, ಮುಟ್ಟು, ಚಳಿಯೋ ಸೆಕೆಯೋ ಎಲ್ಲ ಕೇಳುತ್ತಾರೆ. ಮಂಡಿನೋವಿಗೆ ಬಂದವರಿಗೆ ಇದೆಲ್ಲ ಯಾಕೆ ಎನ್ನಿಸಬಹುದು, ಆದರೆ ಅವರ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ. ಆಮೇಲೆ ನಾಲಿಗೆ ಚಾಚಿಸುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಎದ್ದು ನಾಲಿಗೆ ಹೆರೆಯುವ ರೂಢಿ ಇದೆಯಲ್ಲ, ಆ ದಿನ ಮಾತ್ರ ಅದನ್ನು ಬಿಡಿ. ಕಾಫಿ, ಎಲೆಯಡಿಕೆ, ಬೀಟ್‌ರೂಟ್ ಕೂಡ ಬೇಡ. ನಾಲಿಗೆಯ ಬಣ್ಣ, ಮೇಲಿನ ಲೇಪ, ಅಂಚಿನ ಹಲ್ಲಿನ ಗುರುತು, ಇವನ್ನೇ ಅವರು ಓದುವುದು. ನಾಡಿಯನ್ನು ಎರಡೂ ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ನೋಡುತ್ತಾರೆ. ಈ ನಾಡಿಯಿಂದ ಕ್ಯಾನ್ಸರ್ ಇದೆ, ಇಲ್ಲ ಎಂದು ಯಾರಾದರೂ ತೀರ್ಪು ಕೊಟ್ಟರೆ ಎದ್ದು ಬನ್ನಿ. ಸ್ಕ್ಯಾನಿಂಗ್, ರಕ್ತಪರೀಕ್ಷೆಯ ಜಾಗಕ್ಕೆ ನಾಡಿ ಬರುವುದಿಲ್ಲ.

ಈಗ ಸೂಜಿ. ಆಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.25 ಮಿಲಿಮೀಟರ್ ದಪ್ಪ. ರಕ್ತ ತೆಗೆಯುವ ಸೂಜಿ ಸುಮಾರು 0.8. ಅದು ಕೊಳವೆ, ಇದು ಗಟ್ಟಿ ಉಕ್ಕಿನ ತಂತಿ. ಮುಚ್ಚಿದ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿ ಎಸೆಯಬೇಕು. ಕುದಿಸಿ ಇಟ್ಟಿದ್ದೇವೆ ಎನ್ನುವ ಮಾತು ಕೇಳಿದರೆ ಒಪ್ಪಬೇಡಿ. ಹೆಪಟೈಟಿಸ್ ಬಿ ಅಂಥ ಸೂಜಿಗಳ ಮೂಲಕವೇ ಹರಡಿದ್ದುಂಟು.

ಚುಚ್ಚುವ ಜಾಗ ಹುಡುಕುವುದಕ್ಕೆ ಸೆಂಟಿಮೀಟರ್ ಪಟ್ಟಿ ಇಲ್ಲ, ಅಳತೆ ರೋಗಿಯ ಬೆರಳಿನದೇ. ಹೆಬ್ಬೆರಳ ಗೆಣ್ಣಿನ ಅಗಲ ಒಂದು ತ್ಸುನ್, ಜೋಡಿಸಿದ ನಾಲ್ಕು ಬೆರಳಿನ ಅಗಲ ಮೂರು. ತ್ಸು ಸಾನ್ ಲಿ ಎಂಬ ಹೆಸರಾಂತ ಬಿಂದು ಎಲ್ಲಿದೆ, ಈಗಲೇ ನಿಮ್ಮ ಕಾಲಲ್ಲೇ ನೋಡಿಕೊಳ್ಳಿ: ಮಂಡಿಚಿಪ್ಪಿನ ಕೆಳಗೆ ಹೊರಮಗ್ಗುಲಲ್ಲಿ ಒಂದು ಗುಳಿ ಇದೆ, ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮೊಳಕಾಲು ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಒತ್ತಿದರೆ ಜುಂ ಎನ್ನುತ್ತದೆ. ಎತ್ತರದವರಿಗೂ ಗಿಡ್ಡದವರಿಗೂ ಅವರವರ ಬೆರಳೇ ಅಳತೆಗೋಲು, ಅದಕ್ಕೇ ಲೆಕ್ಕ ತಪ್ಪುವುದಿಲ್ಲ.

ಚುಚ್ಚಿದಾಗ ಇರುವೆ ಕಚ್ಚಿದಷ್ಟು ನೋವು. ಒಳಗೆ ಹೋದಮೇಲೆ ಜೋಮು, ಭಾರ, ಮಂದವಾದ ಸೆಳೆತ ಬರುತ್ತದೆ. ಅದಕ್ಕೆ ದೆ ಚೀ ಎನ್ನುತ್ತಾರೆ, ಅದು ಬರಲೆಂದೇ ಸೂಜಿಯನ್ನು ತಿರುವುತ್ತಾರೆ. ಆದರೆ ವಿದ್ಯುತ್ ಹೊಡೆದ ಹಾಗೆ ಚುರುಕ್ಕೆಂದು ಬೆರಳತುದಿಯವರೆಗೆ ಓಡಿದರೆ ಸೂಜಿ ನರಕ್ಕೆ ತಗುಲಿದೆ ಎಂದು ಅರ್ಥ. ಹಲ್ಲು ಕಚ್ಚಿಕೊಂಡು ಸಹಿಸಬೇಡಿ, ಆ ಕ್ಷಣವೇ ಹೇಳಿ. 20ರಿಂದ 30 ನಿಮಿಷ ಸೂಜಿ ಹಾಗೇ ಇರುತ್ತದೆ.

ಏನು ಎಡವಟ್ಟಾಗಬಹುದು? ಹೆಚ್ಚಾಗಿ ಆಗುವುದು ತಲೆಸುತ್ತು. ಹಸಿದ ಹೊಟ್ಟೆ, ಮೊದಲ ಸಲದ ಹೆದರಿಕೆ, ಕುರ್ಚಿಯಲ್ಲಿ ಕೂರಿಸಿ ಚುಚ್ಚಿದ್ದು, ಈ ಮೂರೂ ಸೇರಿದರೆ ಬೆವರಿ ಕುಸಿಯುತ್ತಾರೆ. ಆಗ ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ, ಕಾಲೆತ್ತಿ ಇಡಬೇಕು. ಅದಕ್ಕೇ ಒಂದೆರಡು ಇಡ್ಲಿ ತಿಂದು ಹೋಗಿ, ಮೊದಲ ಸಲ ಮಲಗಿಯೇ ಚುಚ್ಚಿಸಿಕೊಳ್ಳಿ. ಅಪರೂಪದ ಆದರೆ ಗಂಭೀರ ಅಪಾಯವೆಂದರೆ ಶ್ವಾಸಕೋಶಕ್ಕೆ ತೂತು. ಕತ್ತಿಗೂ ಭುಜಕ್ಕೂ ನಡುವಿನ ದಿಬ್ಬದಲ್ಲಿ ಒಂದು ಬಿಂದು ಇದೆ, ಅದರಡಿಯಲ್ಲೇ ಶ್ವಾಸಕೋಶದ ತುದಿ. ಅಲ್ಲಿ ಅರ್ಧ ಮುಕ್ಕಾಲು ತ್ಸುನ್‌ಗಿಂತ ಆಳ ಸಲ್ಲದು, ಬಡಕಲು ಮೈಯವರಿಗೆ ಇನ್ನೂ ಕಡಿಮೆ. ಮನೆಗೆ ಬಂದಮೇಲೆ, ಕೆಲವೊಮ್ಮೆ ಕೆಲವು ಗಂಟೆ ಕಳೆದು, ಉಸಿರೆಳೆದರೆ ಎದೆ ಚುಚ್ಚಿದಂತಾದರೆ ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಹೇಳಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಕೊಡಿಸಿಕೊಳ್ಳಬಾರದು. ಹಾಕುವಾಗ ಸೂಜಿ ಎಣಿಸಿ, ತೆಗೆಯುವಾಗಲೂ ಎಣಿಸಲು ಹೇಳಿ. ಕೂದಲಲ್ಲಿ ಒಂದು ಉಳಿದುಬಿಡುವುದು ಅಪರೂಪವಲ್ಲ.

ಇಲ್ಲಿ ಒಂದು ಕಥೆ ಹೇಳಲೇಬೇಕು. ಸೂಜಿ ಚುಚ್ಚಿಯೇ ಅಪೆಂಡಿಕ್ಸ್ ಆಪರೇಷನ್ ಮಾಡಿದರಂತೆ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. 1971ರ ಜುಲೈ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದರು. ಹೊಟ್ಟೆನೋವು ಬಂತು, ಅಪೆಂಡಿಕ್ಸ್ ಎಂದು ಗೊತ್ತಾಯಿತು. ರಾಕ್‌ಫೆಲರ್ ಹಣದಿಂದ ಕಟ್ಟಿದ್ದ ಆಸ್ಪತ್ರೆ ಅದು, ಆ ಕಾಲಕ್ಕೆ ಅದರ ಹೆಸರು ಸಾಮ್ರಾಜ್ಯಶಾಹಿ ವಿರೋಧಿ ಆಸ್ಪತ್ರೆ! ಅಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮರಗಟ್ಟಿಸಲು ಕೊಟ್ಟದ್ದು ಏನು? ನಮ್ಮೂರಿನ ಆಸ್ಪತ್ರೆಗಳಲ್ಲೂ ಕೊಡುವಂಥ ಮಾಮೂಲಿ ಇಂಜೆಕ್ಷನ್. ಸೂಜಿ ಬಂದದ್ದು ಅದರ ಮರುದಿನ ರಾತ್ರಿ. ಹೊಟ್ಟೆಯಲ್ಲಿ ವಾಯು ತುಂಬಿ ಒದ್ದಾಡುತ್ತಿದ್ದಾಗ ಅವರ ಒಪ್ಪಿಗೆ ಪಡೆದು ಬಲ ಮೊಣಕೈಗೆ, ಮಂಡಿಗಳ ಕೆಳಗೆ ಸೂಜಿ ಹಾಕಿದರು. ಮಂಡಿಯ ಕೆಳಗೆ! ಈಗಷ್ಟೇ ಆ ಕಡೆ ಬೆರಳಿಟ್ಟು ನೋಡಿದಿರಿ. ಜೊತೆಗೆ ಒಣಸೊಪ್ಪಿನ ತುಂಡು ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದರು. 20 ನಿಮಿಷದ ಕೆಲಸ. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು. ಜುಲೈ 26ರಂದು ರೆಸ್ಟನ್ ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದರು, ಸೂಜಿಯ ನೋವಿನಿಂದ ಗಮನ ಬೇರೆಡೆ ಹರಿದದ್ದೂ ಕಾರಣವಿರಬಹುದು ಎಂಬ ಅನುಮಾನವನ್ನೂ ಸೇರಿಸಿ. ಅಷ್ಟು ಎಚ್ಚರದಿಂದ ಬರೆದದ್ದು ಬಾಯಿಂದ ಬಾಯಿಗೆ ಹೋಗುತ್ತ ಅರಿವಳಿಕೆ ಇಲ್ಲದ ಆಪರೇಷನ್ ಆಗಿಹೋಯಿತು. ಯಾವುದು, ಯಾವುದಕ್ಕೆ ಎಂದು ಯಾರೂ ಕೇಳಲಿಲ್ಲ.

ಇಂಥದೇ ಇನ್ನೊಂದು ನಮ್ಮ ಪಕ್ಕದ್ದು. 1938ರಲ್ಲಿ ಯುದ್ಧದ ಗಾಯಾಳುಗಳ ಆರೈಕೆಗೆಂದು ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಹೆಸರು ಎಲ್ಲರಿಗೂ ಗೊತ್ತು. ಈ ಸೂಜಿಯ ವಿದ್ಯೆಯನ್ನು ಭಾರತಕ್ಕೆ ತಂದವರು ಅವರೇ ಎಂದುಕೊಂಡವರಿದ್ದಾರೆ. ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಕಲಿತು ತಂದವರು ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು.

ಸೂಜಿ ಕೆಲಸ ಮಾಡುತ್ತದೆಯೇ? ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1162 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಹತ್ತು ಸಲ ಸೂಜಿ, ಆರು ತಿಂಗಳ ನಂತರ ವಿಚಾರಣೆ. ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮದ ಎಂದಿನ ಚಿಕಿತ್ಸೆಯವರಲ್ಲಿ ಶೇ. 27.4. ಮೂರನ್ನೂ ಒಟ್ಟಿಗೆ ಓದಬೇಕು: ಸೂಜಿ ಎಂದಿನ ಚಿಕಿತ್ಸೆಯನ್ನು ಮೀರಿಸಿತು, ಆದರೆ ಚುಚ್ಚಿದ ಜಾಗದಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮೊದಲ ಮತ್ತು ಮೂರನೆಯದನ್ನು ಮಾತ್ರ ತೋರಿಸುವವರು ಮಾರಲು ಬಂದವರು, ಮೊದಲೆರಡನ್ನು ಮಾತ್ರ ತೋರಿಸುವವರು ಜಗಳಕ್ಕೆ ಬಂದವರು. ಸೊಂಟನೋವು, ಮಂಡಿಸವೆತ, ಪದೇ ಪದೇ ಬರುವ ತಲೆನೋವು, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ಇವಕ್ಕೆ ಹೋಗಬಹುದು. ಐದಾರು ಸಲಕ್ಕೂ ಏನೂ ಬದಲಾಗದಿದ್ದರೆ ನಿಲ್ಲಿಸಿ. ಮೂವತ್ತು ಸಲದ ಹಣ ಮುಂಗಡ ಕಟ್ಟಬೇಡಿ.

ಬಟ್ಟಲು ಹಾಕುವುದು ನಮಗೆ ಹೊಸದಲ್ಲ. ಹಸುವಿನ ಕೊಂಬು, ಒಣಸೋರೆ ಬುರುಡೆ ಇಟ್ಟು ರಕ್ತ ಎಳೆಯುವುದು ಸುಶ್ರುತನಲ್ಲೇ ಇದೆ. ಚೀನೀಯರ ಒಣಪದ್ಧತಿಯಲ್ಲಿ ಸ್ಪಿರಿಟ್ ಹತ್ತಿ ಹೊತ್ತಿಸಿ ಗಾಜಿನ ಬಟ್ಟಲೊಳಗೆ ಸುತ್ತಿಸಿ ತೆಗೆದು ತಕ್ಷಣ ಬೆನ್ನಿಗೆ ಕವುಚುತ್ತಾರೆ. ಹತ್ತಿಯನ್ನು ಚೆನ್ನಾಗಿ ಹಿಂಡಿರಬೇಕು. ಸ್ಪಿರಿಟ್ ತೊಟ್ಟಿಕ್ಕಿದರೆ ಉರಿಯುವ ಹನಿ ಮೈಮೇಲೆ ಬೀಳುತ್ತದೆ. ಬೆಂಕಿ ಬಟ್ಟಲ ಅಂಚಿಗೆ ತಾಗಿದರೆ ಉಂಗುರದ ಬರೆ. 5ರಿಂದ 10 ನಿಮಿಷ ಸಾಕು, ಹೆಚ್ಚಾದರೆ ಬೊಬ್ಬೆ ಏಳುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಫೆಲ್ಪ್ಸ್ ಭುಜದ ಮೇಲೆ ಕಂಡ ನೇರಳೆ ಗುರುತು ಕೆಟ್ಟ ರಕ್ತವಲ್ಲ, ಒಡೆದ ಸಣ್ಣ ರಕ್ತನಾಳಗಳ ಕಲೆ. ವಾರ ಹತ್ತು ದಿನದಲ್ಲಿ ಮಾಯುತ್ತದೆ.

ಗಡಿಯಾರ ಓಡುತ್ತಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾದ ಬೇರುಸೊಪ್ಪು ಇನ್ನೂ ಬಾಕಿ.

ಕಷಾಯ ಕಾಯಿಸುವುದು ನಮ್ಮ ಅಜ್ಜಿಯರಿಗೆ ಹೇಳಿಕೊಡಬೇಕಾದ್ದಲ್ಲ. ಅರ್ಧ ಗಂಟೆ ನೆನೆಸಿ, ಕುದಿ ಬಂದಮೇಲೆ ಸಣ್ಣ ಉರಿಯಲ್ಲಿ 20–30 ನಿಮಿಷ, ಸೋಸಿ, ಅದೇ ಚರಟಕ್ಕೆ ಮತ್ತೊಮ್ಮೆ ನೀರು ಹಾಕಿ ಕಾಯಿಸಿ, ಎರಡನ್ನೂ ಬೆರೆಸಿ ದಿನಕ್ಕೆರಡು ಹೊತ್ತು. ಮಣ್ಣಿನ ಪಾತ್ರೆ ಉತ್ತಮ, ಕಬ್ಬಿಣ ಬೇಡ. ಪುದೀನ ಜಾತಿಯದು ಕೊನೆಯ ಐದು ನಿಮಿಷಕ್ಕೆ. ವತ್ಸನಾಭಿ ಜಾತಿಯ ಬೇರಾದರೆ ಮೊದಲೇ ಪ್ರತ್ಯೇಕವಾಗಿ ದೀರ್ಘಕಾಲ ಕುದಿಯಬೇಕು, ಇಲ್ಲವಾದರೆ ಅದರ ವಿಷ ಹೃದಯದ ಬಡಿತ ಕೆಡಿಸುತ್ತದೆ. ಅಂಥದ್ದನ್ನು ಮನೆಯಲ್ಲಿ ಕಾಯಿಸಲೇಬೇಡಿ.

1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಬೇರಿನ ಔಷಧ ತಿಂದ ಹೆಂಗಸರ ಮೂತ್ರಪಿಂಡಗಳು ಒಬ್ಬೊಬ್ಬರದಾಗಿ ಸೋಲತೊಡಗಿದವು. ಕೊನೆಗೆ ಅಂಥವರ ಸಂಖ್ಯೆ ನೂರು ದಾಟಿತು. ಚೀಟಿಯಲ್ಲಿ ಬರೆದದ್ದು ಹಾನ್ ಫಾಂಗ್ ಚಿ. ಪೊಟ್ಟಣದಲ್ಲಿದ್ದದ್ದು ಗ್ವಾಂಗ್ ಫಾಂಗ್ ಚಿ. ಹೆಸರಿನ ಬಾಲ ಒಂದೇ, ಗಿಡ ಬೇರೆ. ಎರಡನೆಯದರಲ್ಲಿ ಮೂತ್ರಪಿಂಡ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲ ಇತ್ತು. ಔಷಧ ಬಿಟ್ಟಮೇಲೂ ಹಾನಿ ಮುಂದುವರಿಯಿತು, ಎಷ್ಟೋ ಜನರಿಗೆ ಡಯಾಲಿಸಿಸ್, ಕಸಿ, ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್. ಇದು ದೂರದ ಕಥೆ ಎಂದುಕೊಳ್ಳಬೇಡಿ. ಹಾವು ಕಚ್ಚಿದರೆ ಅರೆದು ಕುಡಿಸುವ ನಮ್ಮ ಈಶ್ವರಿ ಬೇರು ಅದೇ ಕುಲದ ಬಳ್ಳಿ, ಅದೇ ಆಮ್ಲ ಅದರಲ್ಲೂ ಇದೆ. ಹೆಸರಿನ ಗೊಂದಲವೂ ನಮಗೆ ಹೊಸದಲ್ಲ: ಶಂಖಪುಷ್ಪ ಎಂದರೆ ನಮ್ಮ ಬೇಲಿಯ ನೀಲಿ ಹೂವು, ಉತ್ತರದಲ್ಲಿ ಶಂಖಪುಷ್ಪಿ ಎಂದು ಮಾರುವುದು ಇನ್ನೊಂದು ಗಿಡ. ಆದ್ದರಿಂದ ಪೊಟ್ಟಣದ ಮೇಲೆ ಸಸ್ಯದ ಲ್ಯಾಟಿನ್ ಹೆಸರು ಬರೆಸಿಕೊಳ್ಳಿ. ಬರೆಯಲು ಒಪ್ಪದವರ ಬಳಿ ಕೊಳ್ಳಬೇಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರು ದಾನ್ ಶೆನ್ ಬೇರು ಸೇವಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ನುಂಗುವ ಮಾತ್ರೆಗಳ ಚೀಟಿ ಇಬ್ಬರು ವೈದ್ಯರಿಗೂ ಗೊತ್ತಿರಲಿ.

ಅಧ್ಯಕ್ಷರು ಎರಡು ನಿಮಿಷ ಎನ್ನುತ್ತಿದ್ದಾರೆ. ಇನ್ನು ಶಾಖ. ರೆಸ್ಟನ್ ಅವರ ಹೊಟ್ಟೆಯ ಹತ್ತಿರ ಹೊತ್ತಿಸಿ ಹಿಡಿದ ಸೊಪ್ಪು ನಮ್ಮ ದವನ, ಮಾಚಿಪತ್ರೆಯ ಬಂಧು. ಅದರ ಬತ್ತಿ ಹೊತ್ತಿಸಿ ಮೈಯಿಂದ 2–3 ಸೆಂಟಿಮೀಟರ್ ದೂರದಲ್ಲಿ 10–15 ನಿಮಿಷ ಹಿಡಿಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಸುಟ್ಟರೂ ಗೊತ್ತಾಗದು, ಅವರ ಪಾದಕ್ಕೆ ಬೇಡ. ಹೊಗೆ ಆಸ್ತಮಾದವರಿಗೆ ಆಗದು. ಎಣ್ಣೆ ಹಚ್ಚಿ ಚಮಚದಂಚಿನಿಂದ ಕೆರೆಯುವ ಗ್ವಾ ಶಾದ ಕೆಂಪು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅಂಗಮರ್ದನದ ಬಗ್ಗೆ ಪ್ರಶ್ನೋತ್ತರದಲ್ಲಿ ಹೇಳುತ್ತೇನೆ.

ಇದೊಂದನ್ನು ಬರೆದುಕೊಳ್ಳಿ. ಕಷಾಯದ ಪೊಟ್ಟಣದಿಂದ ಒಂದು ಹಿಡಿ ಪುಡಿಯನ್ನು ಚೀಟಿ ಸಮೇತ ಮನೆಯಲ್ಲಿ ಎತ್ತಿಡಿ. ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ನೊರೆ ಬಂದರೆ, ಕಾಲು ಬಾತರೆ, ಕಷಾಯ ನಿಲ್ಲಿಸಿ ಆ ಪೊಟ್ಟಣವನ್ನೇ ಆಸ್ಪತ್ರೆಗೆ ಹಿಡಿದುಕೊಂಡು ಹೋಗಿ.